ಬೆನ್ನಿನ ನಕ್ಷೆ

ನಮ್ಮ ಮಿಶನ್ ಆಸ್ಪತ್ರೆಯ ಕುಷ್ಠರೋಗದ ಕಾರ್ಡಿನ ಮೇಲೆ ಇಬ್ಬರು ಮನುಷ್ಯರಿರುತ್ತಿದ್ದರು. ಎಡಗಡೆಯವನು ನಮ್ಮ ಕಡೆ ಮುಖ ಮಾಡಿ ನಿಂತವನು, ಬಲಗಡೆಯವನು ಬೆನ್ನು ತೋರಿಸಿ ನಿಂತವನು. ಇಬ್ಬರಿಗೂ ಕಣ್ಣು ಮೂಗು ಇಲ್ಲ, ಬಟ್ಟೆಯಿಲ್ಲ, ಬರೀ ಮಸಿಯ ಗೆರೆ. ರೋಗಿಯ ಮೈಮೇಲೆ ಮಚ್ಚೆ ಎಲ್ಲೆಲ್ಲಿದೆ, ಎಷ್ಟಗಲ ಇದೆ ಎಂಬುದನ್ನು ಮೂರು ತಿಂಗಳಿಗೊಮ್ಮೆ ಆ ಗೆರೆಯ ಮನುಷ್ಯರ ಮೇಲೆ ಗುರುತು ಮಾಡುವುದು ನರ್ಸಾದ ನನ್ನ ಕೆಲಸ. ಮೊದಲೆಲ್ಲ ಪ್ರತಿ ಸಲವೂ ಹೊಸ ಕಾರ್ಡು ತೆಗೆಯುತ್ತಿದ್ದೆವು. ಯುದ್ಧ ಶುರುವಾಗಿ ಕಾಗದಕ್ಕೆ ತತ್ವಾರ ಬಂದ ಮೇಲೆ ಡಾಕ್ಟರಮ್ಮನವರು ಹೊಸ ಪದ್ಧತಿ ಮಾಡಿದರು. ಮಚ್ಚೆಯನ್ನು ಪೆನ್ಸಿಲಿನಲ್ಲಿ ಬರೆಯುವುದು, ಮುಂದಿನ ಸಲ ಅದನ್ನು ಅಳಿಸಿ ಅದೇ ಕಾರ್ಡಿನ ಮೇಲೆ ಮತ್ತೆ ಬರೆಯುವುದು, ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಪಕ್ಕದಲ್ಲಿ ಒಂದು ಮಾತು ಸೇರಿಸುವುದು. ರಬ್ಬರು ನನ್ನ ಕೈಗೆ ಬಂದದ್ದು ಹಾಗೆ.

ಚುಚ್ಚುಮದ್ದು ಕೊಡಲು ಊರೂರು ಸುತ್ತುವುದೂ ನನ್ನ ಕೆಲಸವೇ. ಸೋಮವಾರ ರೈಲಿನಲ್ಲಿ ಹೊಳೆನರಸೀಪುರ, ಬುಧವಾರ ಬಸ್ಸಿನಲ್ಲಿ ಅರಕಲಗೂಡು, ಶುಕ್ರವಾರ ಚನ್ನರಾಯಪಟ್ಟಣ. ಉಳಿದ ದಿನಗಳಲ್ಲಿ ಹಾಸನದ ವಾರ್ಡು. ಬಸ್ಸೆಂದರೆ ಪೆಟ್ರೋಲಿನ ಬಸ್ಸಲ್ಲ, ಹಿಂದುಗಡೆ ಇದ್ದಿಲಿನ ಒಲೆ ಕಟ್ಟಿಕೊಂಡ ಬಸ್ಸು. ಏರು ಸಿಕ್ಕಿದರೆ ಉಸಿರು ಕಟ್ಟಿ ನಿಂತುಬಿಡುತ್ತಿತ್ತು. ಗಂಡಸರು ಇಳಿದು ತಳ್ಳಬೇಕು, ಹೆಂಗಸರು ಇಳಿದು ನಡೆಯಬೇಕು. ನನ್ನ ತಗಡಿನ ಪೆಟ್ಟಿಗೆಯಲ್ಲಿ ಏನಿದೆ ಎಂಬುದು ಗೊತ್ತಿದ್ದ ಬಸ್ಸಿನ ಏಜೆಂಟರು ಅದನ್ನು ಒಳಗೆ ಇಡಲು ಬಿಡುತ್ತಿರಲಿಲ್ಲ, ಮೇಲೆ ಹಾಕಿಸುತ್ತಿದ್ದರು. ಗಾಜಿನ ಸಿರಿಂಜು ಒಡೆಯುತ್ತದಪ್ಪಾ ಎಂದರೆ, ಹಾಗಿದ್ದರೆ ನೀವೂ ಮೇಲೆ ಕೂತ್ಕೊಳ್ಳಿ ಎನ್ನುತ್ತಿದ್ದರು. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿಯ ಹಿಂದೆ ಒಂದು ಕೊಬ್ಬರಿ ಕೊಟ್ಟಿಗೆಯನ್ನು ನಮ್ಮ ಕೆಲಸಕ್ಕೆ ಕೊಟ್ಟಿದ್ದ ಯಜಮಾನರು, ಗಿರಾಕಿಗಳು ಮೂಗು ಮುಚ್ಚಿಕೊಳ್ಳಲು ಶುರು ಮಾಡಿದ ಮೇಲೆ ಕೈ ಮುಗಿದು ಬೇರೆ ಕಡೆ ನೋಡಿಕೊಳ್ಳಿ ಎಂದರು. ಅವರನ್ನು ಬಯ್ಯುವಷ್ಟು ಶಕ್ತಿಯೂ ನನ್ನಲ್ಲಿ ಇರಲಿಲ್ಲ.

ಔಷಧಿ ಎಂದರೆ ಗರುಡಫಲದ ಬೀಜದ ಎಣ್ಣೆ. ಅದು ಗಟ್ಟಿ ಎಣ್ಣೆ. ಸ್ಪಿರಿಟ್ ಒಲೆಯ ಮೇಲೆ ನೀರು ಕಾಯಿಸಿ, ಅದರಲ್ಲಿ ಎಣ್ಣೆಯ ಬಾಟಲು ಇಟ್ಟು ತೆಳುವಾಗಿಸಿ, ಸಿರಿಂಜಿಗೆ ಎಳೆದುಕೊಂಡು, ಮಚ್ಚೆಯ ಅಂಚಿನ ಉದ್ದಕ್ಕೂ ಅರ್ಧ ಬೆರಳಿಗೊಂದರಂತೆ ಚರ್ಮದೊಳಕ್ಕೇ ಚುಚ್ಚಬೇಕು. ಆಳಕ್ಕೆ ಹೋಗಬಾರದು, ಚರ್ಮದ ಮೇಲೆ ಸೊಳ್ಳೆ ಕಚ್ಚಿದಂಥ ಗುಳ್ಳೆ ಏಳಬೇಕು. ಒಬ್ಬ ರೋಗಿಗೆ ಮೂವತ್ತು ನಲವತ್ತು ಚುಚ್ಚು. ಹತ್ತು ಜನ ಮುಗಿಯುವ ಹೊತ್ತಿಗೆ ನನ್ನ ಬಲಗೈ ಹೆಬ್ಬೆಟ್ಟು ಊದಿಕೊಳ್ಳುತ್ತಿತ್ತು. ಚುಚ್ಚಿಸಿಕೊಂಡವರಿಗೆ ಮೂರು ದಿನ ಉರಿ, ಕೆಲವರಿಗೆ ಜ್ವರ. ಹೀಗೆ ವಾರ ವಾರವೂ, ಎರಡು ವರ್ಷವೋ ನಾಲ್ಕು ವರ್ಷವೋ. ವಾಸಿಯಾಗುತ್ತದೆಯೇ ಎಂದು ಕೇಳಿದರೆ ಡಾಕ್ಟರಮ್ಮನವರು, 'ಕೆಲವರಿಗೆ ಆಗುತ್ತದೆ' ಎನ್ನುತ್ತಿದ್ದರು. ಅವರು ಕಡಲಾಚೆಯ ಸೀಮೆಯಿಂದ ಬಂದವರು, ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಸಿಹಿ ಸೇರಿಸಿ ಹೇಳುವುದು ಅವರಿಗೆ ತಿಳಿಯದು.

ಸಿಹಿ ಸೇರಿಸುವುದು ನನ್ನ ಪಾಲಿಗೆ ಬಂದಿತ್ತು. ನನಗೆ ಹಾಡಲು ಬಾರದು, ಪ್ರಾರ್ಥನೆಗೆ ಎದ್ದು ನಿಂತರೆ ಎರಡನೇ ಮಾತಿಗೇ ತಡವರಿಸುತ್ತಿದ್ದೆ. ಸೋತು ಕೂತವರ ಪಕ್ಕ ಕುಳಿತು ಅವರನ್ನು ಎಬ್ಬಿಸುವುದೊಂದು ಬರುತ್ತಿತ್ತು. ನಮ್ಮ ಪಾದ್ರಿಗಳು ಒಂದು ಭಾನುವಾರ ಇಡೀ ಸಭೆಯ ಮುಂದೆ, 'ಧೈರ್ಯ ಹೇಳುವುದು ಈ ತಂಗಿಗೆ ದೇವರು ಕೊಟ್ಟ ವರ' ಎಂದುಬಿಟ್ಟರು. ಅಂದಿನಿಂದ ನನಗೆ ಬಿಡುವೇ ಇಲ್ಲ. ಯಾರ ಮನೆಯಲ್ಲಿ ಸಾವಾದರೂ, ಯಾವ ಹುಡುಗಿಯ ಮದುವೆ ಮುರಿದರೂ ನನ್ನನ್ನು ಕರೆಯುತ್ತಿದ್ದರು. ನಾನೂ ಹೋಗುತ್ತಿದ್ದೆ. ಯೇಸುಸ್ವಾಮಿಗೆ ನಾನು ಮಾಡಬಹುದಾದ ಸೇವೆ ಇದೊಂದೇ ಎಂದು ನಿಜವಾಗಿಯೂ ನಂಬಿದ್ದೆ. ಆದರೆ ಈಗ ಹೇಳಹೊರಟಿರುವ ಆ ವರ್ಷ ನನಗೆ ಸಾಕುಸಾಕಾಗಿತ್ತು. 'ಧೈರ್ಯವಾಗಿರಿ, ಕಡಿಮೆಯಾಗುತ್ತೆ' ಎಂಬ ಮಾತನ್ನು ದಿನಕ್ಕೆ ಇಪ್ಪತ್ತು ಸಲ ಹೇಳಿ ಹೇಳಿ ಅದರ ರುಚಿಯೇ ಹೊರಟುಹೋಗಿತ್ತು. ಸುತ್ತಾಟದಿಂದ ಬಿಡಿಸಿ ವಾರ್ಡಿಗೆ ಹಾಕಿ ಎಂದು ಡಾಕ್ಟರಮ್ಮನವರನ್ನು ಎರಡು ಸಲ ಕೇಳಿಕೊಂಡಿದ್ದೆ. ಬೇರೆ ಜನ ಇಲ್ಲ ಎಂದಿದ್ದರು.

ಅರಕಲಗೂಡಿನಲ್ಲಿ ಊರಾಚೆಯ ಹಳೆಯ ಸುಂಕದ ಮನೆಯ ಜಗಲಿ ನಮ್ಮ ಜಾಗ. ಅಲ್ಲಿಗೆ ಬರುತ್ತಿದ್ದವರಲ್ಲಿ ಒಬ್ಬರು ಮೇಷ್ಟ್ರು. ಮೂರು ಮೈಲಿ ಆಚೆಯ ಹಳ್ಳಿಯವರು, ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಎಷ್ಟು ಬಡತನವಿದ್ದರೂ ಒಗೆದ ಅಂಗಿ. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ರೋಗ ಗೊತ್ತಾದ ದಿನದಿಂದ ಸಂಬಳವಿಲ್ಲದ ರಜೆ. ಆ ಮೇಲೆ ಹಿತ್ತಲಿನ ಹುಲ್ಲಿನ ಕೊಟ್ಟಿಗೆಯಲ್ಲಿ ಒಬ್ಬರೇ ಇದ್ದರು. ಹೆಂಡತಿ ಬಾಗಿಲ ಬಳಿ ಮುದ್ದೆ ಸಾರು ಇಟ್ಟು ದೂರ ಸರಿದು ನಿಲ್ಲುತ್ತಿದ್ದರು. ಮುಂಗೈ ಮೇಲೆ ಒಂದು ಸಣ್ಣ ಮಚ್ಚೆ, ಅದು ಮೊದಲ ವರ್ಷವೇ ಮಾಸಿತು. ಇನ್ನೊಂದು ಬೆನ್ನಿನ ನಡುವೆ, ಅಂಗೈಯಗಲದ್ದು. ಅದನ್ನು ಅವರು ನೋಡಲಾರರು, ನೋಡಿ ಹೇಳುವವರು ಮನೆಯಲ್ಲಿ ಯಾರೂ ಇಲ್ಲ. ಆದ್ದರಿಂದ ಕಾರ್ಡಿನ ಬಲಗಡೆಯ ಮನುಷ್ಯನೇ ಅವರಿಗೆ ಕನ್ನಡಿ. ಭೂಗೋಳ ಹೇಳಿಕೊಡುತ್ತಿದ್ದವರಲ್ಲವೇ, ಬಂದ ಕೂಡಲೇ ಕಾರ್ಡು ಕೈಗೆತ್ತಿಕೊಂಡು, "ಏನ್ ನರ್ಸಮ್ಮಾರೇ, ನಮ್ ಕೆರೆ ಬತ್ತೈತಾ?" ಎಂದು ಮಚ್ಚೆಯ ಸುದ್ದಿ ಕೇಳುತ್ತಿದ್ದರು.

ಅಳತೆ ತೆಗೆಯುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿತ್ತು. ರೋಗಿ ಕಣ್ಣು ಮುಚ್ಚಿಕೊಳ್ಳಬೇಕು. ಕೋಳಿ ಗರಿಯಿಂದ ಮೆಲ್ಲಗೆ ಮುಟ್ಟುತ್ತ ಹೋಗುತ್ತೇನೆ, ಮುಟ್ಟಿದ್ದು ತಿಳಿದರೆ 'ಊಂ' ಎನ್ನಬೇಕು. ಊಂ ನಿಂತ ಕಡೆ ಒದ್ದೆ ಮಾಡಿದ ಕಾಪಿಂಗ್ ಪೆನ್ಸಿಲಿನಿಂದ ಮೈಮೇಲೆ ಚುಕ್ಕೆ. ಚುಕ್ಕೆಗಳನ್ನು ಸೇರಿಸಿದರೆ ನೇರಳೆ ಗೆರೆ. ಆ ಗೆರೆಯ ಮೇಲೆ ನೂಲು ಹಿಡಿದು ಅಳೆದು, ಅದೇ ಆಕಾರವನ್ನು ಚಿಕ್ಕದಾಗಿ ಕಾರ್ಡಿನ ಮೇಲೆ ಬರೆಯುವುದು.

ಆ ವರ್ಷದ ಮಳೆಗಾಲದ ಒಂದು ಬುಧವಾರ ಜಡಿಮಳೆ. ಬಸ್ಸು ಎರಡು ಗಂಟೆ ತಡ. ಮೇಷ್ಟ್ರು ನೆನೆದುಕೊಂಡೇ ಜಗಲಿಯಲ್ಲಿ ಕಾದಿದ್ದರು. ಗರಿ ಮುಟ್ಟಿಸುತ್ತ ಹೋದೆ. ಮೂರು ತಿಂಗಳ ಹಿಂದೆ ಊಂ ಎಂದಿದ್ದ ಕಡೆ ಈಗ ಮೌನ. ಮಚ್ಚೆ ಎಡಕ್ಕೆ ಎರಡು ಬೆರಳು ಹರಡಿತ್ತು.

ಕಣ್ಣು ಮುಚ್ಚಿಕೊಂಡೇ ಅವರು ಮಾತಾಡಿದರು. "ನರ್ಸಮ್ಮಾರೇ, ಒಂದ್ ಮಾತು ಏಳ್ತೀನಿ, ಬೇಜಾರ್ ಮಾಡ್ಕಬೇಡಿ. ಇವತ್ತೇ ಕಡೆ. ಇನ್ ಬರಕಿಲ್ಲ. ಒಂದೂವರೆ ವರ್ಸ ಆಯ್ತು, ಚುಚ್ಚಿಸ್ಕಂಡು ಚುಚ್ಚಿಸ್ಕಂಡು ಮೈ ಜರಡಿ ಆಗೋಯ್ತು. ಆ ಕೊಟ್ಟಿಗೇಲೇ ಬಿದ್ದಿರ್ತೀನಿ, ಆದಂಗಾಗ್ಲಿ."

ಎಂದಿನ ಮಾತು ನನ್ನ ಬಾಯಿಗೆ ಬಂತು. ಬಂದು ಅಲ್ಲೇ ನಿಂತಿತು. ನನಗೇ ಹೇಸಿಗೆಯಾಗಿತ್ತು ಆ ಮಾತೆಂದರೆ. ಇವರು ಬಿಟ್ಟರೆ ಬೆರಳು ಹೋಗುತ್ತದೆ, ಆಮೇಲೆ ಕಾಲು. ಹಾಗೆ ಬಿಟ್ಟವರನ್ನು ಕಂಡಿದ್ದೆ. ಏನಾದರೂ ಕೊಡಬೇಕಿತ್ತು. ರಬ್ಬರು ತೆಗೆದು ಹಳೆಯ ಗೆರೆ ಅಳಿಸಿದೆ. ಹೊಸ ಗೆರೆಯನ್ನು ಹಳೆಯದರ ಒಳಗಡೆ ಬರೆದೆ. ಪಕ್ಕದಲ್ಲಿ 'ಕಡಿಮೆ' ಎಂದು ಬರೆದೆ. ಕಾರ್ಡು ಅವರ ಕೈಗೆ ಕೊಟ್ಟೆ.

ಅವರು ಬಹಳ ಹೊತ್ತು ನೋಡಿದರು. "ಇದು ದಿಟವಾ?"

"ಗೆರೆ ನೋಡಿ ಮೇಷ್ಟ್ರೇ, ನಾನೇನು ಹೇಳೋದು."

ಮುಂದಿನ ಬುಧವಾರ ಅವರು ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ಆ ವಾರ ಚರ್ಚಿನಲ್ಲಿ ನಾನು ದೇವರಿಗೆ ವಂದನೆ ಹೇಳಿದೆ ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ. ಮುಚ್ಚಿಟ್ಟು ಏನಾಗಬೇಕು.

ಒಂದು ಸಲ ಒಳಗೆ ಬರೆದ ಗೆರೆಯನ್ನು ಮುಂದಿನ ಸಲ ಹೊರಗೆ ಬರೆಯುವಂತಿಲ್ಲ. ಮೂರು ತಿಂಗಳಾದ ಮೇಲೆ ಮತ್ತೊಂದು ಸಲ ಚಿಕ್ಕದು ಮಾಡಿದೆ, ಆರು ತಿಂಗಳಿಗೆ ಇನ್ನೂ ಚಿಕ್ಕದು. ಬೆನ್ನಿನ ಮೇಲೆ ಅದು ಮಾತ್ರ ತನ್ನ ಪಾಡಿಗೆ ತಾನು ಹರಡುತ್ತಿತ್ತು. ಚುಚ್ಚುವಾಗ ನಿಜವಾದ ಅಂಚಿಗೇ ಚುಚ್ಚುತ್ತಿದ್ದೆ, ಔಷಧಿಯಲ್ಲಿ ಮೋಸವಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಆದರೆ ಕಾರ್ಡುಗಳು ಹಾಸನಕ್ಕೆ ಹೋಗುತ್ತಿದ್ದವು. ಪೆಟ್ರೋಲಿಲ್ಲದೆ ಡಾಕ್ಟರಮ್ಮನವರು ಅರಕಲಗೂಡಿಗೆ ಬರುವುದನ್ನೇ ನಿಲ್ಲಿಸಿದ್ದರಿಂದ ಕಾರ್ಡು ನೋಡಿಯೇ ಔಷಧಿಯ ಪ್ರಮಾಣ ಬರೆಯುತ್ತಿದ್ದರು. ಮೇಷ್ಟ್ರ ಕಾರ್ಡಿನ ಮೇಲೆ, 'ಸುಧಾರಿಸುತ್ತಿದೆ, ಹೆಚ್ಚಿಸಬೇಕಾಗಿಲ್ಲ' ಎಂದು ಬರೆದರು. ಹೆಚ್ಚಿಸಲೇಬೇಕಾಗಿದ್ದ ಮನುಷ್ಯನಿಗೆ ಹಾಗೆ ಕಡಿಮೆ ಎಣ್ಣೆ ಹೋಯಿತು. ನಾನು ಓದಿದೆ, ಕಾರ್ಡನ್ನು ಪೆಟ್ಟಿಗೆಗೆ ಹಾಕಿದೆ, ಸುಮ್ಮನಾದೆ.

ಇನ್ನೊಂದು ಕಡೆ ಜಗಲಿಯ ತುಂಬ ಜನ. ಕೊಣನೂರು ಕಡೆಯಿಂದ ಒಬ್ಬ ಅಜ್ಜಿ ಬರುತ್ತಿದ್ದಳು, ವಾರ ಬಿಟ್ಟು ವಾರ ತಪ್ಪಿಸುವವಳು. ಮೇಷ್ಟ್ರು ತಮ್ಮ ಕಾರ್ಡು ಹಿಡಿದು ಅವಳ ಮುಂದೆ ಕೂತು, "ನೋಡವ್ವಾ, ಮೊದ್ಲು ಇಷ್ಟಗ್ಲ ಇತ್ತು, ಈಗ ಇಷ್ಟು. ಬುಡಬ್ಯಾಡ ಕಣವ್ವಾ, ಬಾ" ಎಂದು ಪಾಠ ಹೇಳುತ್ತಿದ್ದರು. ಅಜ್ಜಿ ಒಂದು ವಾರವೂ ತಪ್ಪಿಸದಾದಳು. ಬಿಟ್ಟುಹೋಗಿದ್ದ ಗಾಡಿ ಹೊಡೆಯುವವನು ಮರಳಿ ಬಂದ, ಜೊತೆಗೆ ತನ್ನ ಊರಿನ ಇಬ್ಬರನ್ನು ಕರೆತಂದ. ನನ್ನ ವರ ಅಂದರೆ ಇದೇ ಎಂದು ಡಾಕ್ಟರಮ್ಮನವರು ಸಿಸ್ಟರುಗಳ ಮುಂದೆ ಹೊಗಳಿದರು.

ಬೇಸಿಗೆ ರಜೆಯ ಹೊತ್ತಿಗೆ ಮೇಷ್ಟ್ರು ಒಂದು ಅರ್ಜಿ ತಂದರು. ಶಾಲೆ ತೆರೆಯುವ ಮುಂಚೆ ಡಾಕ್ಟರ ಸರ್ಟಿಫಿಕೇಟು ಕೊಟ್ಟರೆ ಅವರ ಕೆಲಸ ಅವರಿಗೆ, ಇಲ್ಲದಿದ್ದರೆ ಬೇರೆಯವರಿಗೆ. ಅವರ ಕಿವಿಯ ಹಾಲೆಯನ್ನು ಸ್ವಲ್ಪ ಕೊಯ್ದು ಗಾಜಿನ ಮೇಲೆ ಸವರಿ ಹಾಸನಕ್ಕೆ ಕಳಿಸಿದೆ. ಸೂಕ್ಷ್ಮದರ್ಶಕದಲ್ಲಿ ರೋಗದ ಕ್ರಿಮಿ ಕಾಣಲಿಲ್ಲ. ಬೆನ್ನಿನದನ್ನು ಕಳಿಸಲಿಲ್ಲ, ಕಾರ್ಡಿನ ಪ್ರಕಾರ ಅಲ್ಲಿ ಕಳಿಸುವಂಥದ್ದೇನೂ ಉಳಿದಿರಲಿಲ್ಲ. ಬರುವ ವಾರ ಸಹಿ ಹಾಕಿ ಕೊಡುತ್ತೇನೆ ಎಂದು ಡಾಕ್ಟರಮ್ಮನವರು ಹೇಳಿದರು. ಅದನ್ನು ಮೇಷ್ಟ್ರಿಗೆ ಮುಟ್ಟಿಸಿದವಳೂ ನಾನೇ.

ಮುಂದಿನ ಬುಧವಾರ ಬಸ್ಸಿಳಿದರೆ ಒಬ್ಬ ಹೆಂಗಸು ಬಾಳೆಲೆಯ ಪೊಟ್ಟಣ ಹಿಡಿದು ನಿಂತಿದ್ದರು. ಮೇಷ್ಟ್ರ ಹೆಂಡತಿ. ಅಲ್ಲಿಯವರೆಗೂ ನಾನು ಅವರನ್ನು ಕಂಡಿರಲಿಲ್ಲ.

"ನಿಮ್ಗೆ ಕುಂಕುಮ ಆಗಕಿಲ್ವಂತಲ್ಲ ಅಕ್ಕಾ, ಅದ್ಕೇ ಬರೀ ಹೂವ ತಂದೆ," ಎಂದು ಪೊಟ್ಟಣ ನನ್ನ ಕೈಗಿಟ್ಟರು. ಮಲ್ಲಿಗೆ. "ನೀವ್ ಏಳಿದ್ ಧೈರ್ಯದಿಂದ್ಲೇ ಅವ್ರು ಉಳ್ಕಂಡಿದ್ದು. ಮನೆಗೆ ಸುಣ್ಣ ಬಳ್ಸೀವ್ನಿ. ಕಾಗ್ದ ಬಂದ್ ದಿನಾನೇ ಒಳೀಕೆ ಕರ್ಕಳ್ತೀನಿ."

ಒಳ್ಳೇದಮ್ಮ ಎಂದೆ.

"ಒಂದ್ ಕೇಳ್ಬೇಕಿತ್ತು. ನಮ್ ಚಿಕ್ಕೋನು ಮುಂಚೆ ಸಂಜೆ ಹೊತ್ತು ಅವ್ರಪ್ಪನ ಬೆನ್ನು ತುಳೀತಿದ್ದ. ಶಾಲೆಲಿ ನಿಂತೂ ನಿಂತೂ ಅವ್ರಿಗೆ ಬೆನ್ನು ಇಡ್ಕಳ್ತಿತ್ತು. ಎರಡ್ ವರ್ಸದಿಂದ ಕೇಳ್ತಾವ್ನೆ, ಯಾವಾಗವ್ವ ತುಳೀಲಿ ಅಂತ. ಇನ್ ತುಳೀಬೋದು ತಾನೇ?"

ಎರಡು ಪುಟ್ಟ ಪಾದಗಳು ಎಲ್ಲಿ ಬಂದು ನಿಲ್ಲುತ್ತವೆ ಎಂಬುದು ನನಗೆ ಮಾತ್ರ ಗೊತ್ತಿತ್ತು. ಅಲ್ಲಿಯವರೆಗೆ ಅದು ನನಗೂ ಮೇಷ್ಟ್ರಿಗೂ ನಡುವಿನ ಮಾತಾಗಿತ್ತು, ಒಂದು ಪೆನ್ಸಿಲು ಗೆರೆಯ ಮಾತು. "ಕಾಗದ ಬರೋತನಕ ಬೇಡಮ್ಮ. ಮಕ್ಕಳನ್ನು ಕೊಟ್ಟಿಗೆಯೊಳಗೆ ಬಿಡಬೇಡಿ," ಎಂದೆ. ಆಕೆ ಕಣ್ಣು ಸಣ್ಣದು ಮಾಡಿ ನನ್ನನ್ನು ನೋಡಿದರು. ಆ ದಿನ ಎಲ್ಲರಿಗೂ ಚುಚ್ಚಿ ಮುಗಿಸಿದೆ. ಯಾರಿಗೆ ಏನು ಹೇಳಿದೆನೋ ನೆನಪಿಲ್ಲ.

ಹಿಂದಿರುಗುವ ಬಸ್ಸು ಏರಿನಲ್ಲಿ ನಿಂತಿತು. ಎಲ್ಲರ ಜೊತೆ ಇಳಿದು ನಡೆದೆ. ಪ್ರಾರ್ಥನೆ ಮಾಡೋಣವೆಂದು ನೋಡಿದೆ, ಬರಲಿಲ್ಲ. ನಾನು ನಂಬಿದ ಸ್ವಾಮಿ ರೋಗಿಗಳನ್ನು ಮುಟ್ಟಿದವನು, ಅವರ ಜೊತೆ ಕೂತವನು. ಯಾರಿಗಾದರೂ ಸುಳ್ಳು ಸಮಾಧಾನ ಹೇಳಿ ಕಳಿಸಿದ್ದುಂಟೇ ಎಂದು ಯೋಚಿಸಿದೆ. ನನಗೆ ಒಂದೂ ನೆನಪಾಗಲಿಲ್ಲ. ಧೈರ್ಯ ಹೇಳುತ್ತೇನೆಂದು ಹೊರಟ ನಾನು ಹೇಳಿದ್ದು ನನಗೆ ಸುಲಭವಾಗಿದ್ದನ್ನು. ಆ ಮಳೆಯ ದಿನ ನಾನು ದಣಿದಿದ್ದೆ, ಒಬ್ಬ ಮನುಷ್ಯನ ಸೋಲಿನ ಪಕ್ಕದಲ್ಲಿ ಸುಮ್ಮನೆ ಕೂರುವಷ್ಟು ತಾಳ್ಮೆ ಇರಲಿಲ್ಲ, ಅಷ್ಟೇ. ವರವೂ ಇಲ್ಲ, ಎಂಥದೂ ಇಲ್ಲ.

ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಡಾಕ್ಟರಮ್ಮನವರ ಕೋಣೆಗೆ ಹೋದೆ. ಸರ್ಟಿಫಿಕೇಟು ಮೇಜಿನ ಮೇಲೆ ಸಿದ್ಧವಾಗಿತ್ತು, ಸಹಿ ಒಂದು ಬಾಕಿ. ಕಾರ್ಡು ಪಕ್ಕದಲ್ಲಿಟ್ಟು ಪೆನ್ಸಿಲಿನಿಂದ ನಿಜವಾದ ಗೆರೆಯನ್ನು ಎಳೆದೆ. ಅದು ಬೆನ್ನಿನ ಅರ್ಧಕ್ಕೂ ಹೆಚ್ಚು ಜಾಗ ತಿಂದಿತು. ಏನು ಮಾಡಿದೆ, ಯಾವಾಗಿನಿಂದ, ಎಷ್ಟು ಸಲ ಎಂದು ಎಲ್ಲ ಹೇಳಿದೆ.

ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ನೀವು ನನಗೆ ಸುಳ್ಳು ಹೇಳಿದ್ದೀರಿ. ಆತನಿಗೂ ಹೇಳಿದ್ದೀರಿ. ನನಗೆ ಹೇಳಿದ್ದನ್ನು ನಾನು ಕ್ಷಮಿಸಬಲ್ಲೆ."

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಈ ವಾರದಿಂದ ನೀವು ವಾರ್ಡಿನಲ್ಲಿರಿ. ಊರುಗಳಿಗೆ ಬೇರೆ ಯಾರನ್ನಾದರೂ ಕಳುಹಿಸುತ್ತೇನೆ."

ಒಂದು ವರ್ಷದಿಂದ ಕಾದಿದ್ದ ಮಾತು. ಬಸ್ಸಿಲ್ಲ, ಪೆಟ್ಟಿಗೆಯಿಲ್ಲ, ಏಜೆಂಟರ ಕೊಂಕು ಮಾತಿಲ್ಲ. ಕಾಲು ಚಾಚಿ ಮಲಗಬಹುದು. ಹೂಂ ಎನ್ನಲು ಬಾಯಿ ತೆರೆದವಳು, "ಅರಕಲಗೂಡೊಂದು ನನಗೇ ಬಿಡಿ ಅಮ್ಮ," ಎಂದೆ.

"ಏಕೆ?"

"ಬೇರೆಯವರ ಬಾಯಿಂದ ಅವರಿಗೆ ಇದು ಗೊತ್ತಾಗಬಾರದು. ನಾನು ಎಳೆದ ಗೆರೆ, ನಾನೇ ಅಳಿಸಬೇಕು."

"ಆತನು ನಿಮ್ಮನ್ನು ಮತ್ತೆ ನಂಬದಿರಬಹುದು."

"ನಂಬದಿದ್ದರೂ ಚುಚ್ಚೋದಕ್ಕೆ ಒಬ್ಬರು ಬೇಕಲ್ಲ."

ಅವರು ಸರ್ಟಿಫಿಕೇಟನ್ನು ನಾಲ್ಕಾಗಿ ಮಡಿಚಿ ಬುಟ್ಟಿಗೆ ಹಾಕಿದರು. ಬೀರುವಿನಿಂದ ಒಂದು ಹೊಸ ಕಾರ್ಡು ತೆಗೆದು, ಮಸಿಕುಡಿಕೆಯ ಜೊತೆ ನನ್ನ ಮುಂದಿಟ್ಟರು. ಔಷಧಿಯ ಪ್ರಮಾಣವನ್ನು ಅದರ ಮೇಲೆ ತಾವೇ ಹೆಚ್ಚಿಸಿ ಬರೆದರು.

ಬುಧವಾರ ವಾರ್ಡಿನಿಂದ ಎರಡು ಕನ್ನಡಿ ಕಟ್ಟಿಕೊಂಡು ಹೋದೆ. ಮೇಷ್ಟ್ರು ಬೇಗ ಬಂದಿದ್ದರು, ಹೊಸ ಪಂಚೆ ಉಟ್ಟಿದ್ದರು. ಕಾಗದ ಎಲ್ಲಿ ಎಂದು ಕೇಳುವ ಮೊದಲೇ, ಮರೆಯಲ್ಲಿ ಅಂಗಿ ಬಿಚ್ಚಿಸಿ, ಒಂದು ಕನ್ನಡಿ ಅವರ ಕೈಗೆ ಕೊಟ್ಟು ಇನ್ನೊಂದನ್ನು ಅವರ ಬೆನ್ನ ಹಿಂದೆ ಹಿಡಿದೆ. "ನೋಡಿ ಮೇಷ್ಟ್ರೇ. ಕಾರ್ಡಿನ ಮೇಲಿದ್ದದ್ದು ಸುಳ್ಳು. ಮೂರು ಸಲವೂ ನಾನೇ ಚಿಕ್ಕದು ಮಾಡಿ ಬರೆದೆ. ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ನೀವು ಬಿಟ್ಟುಬಿಡ್ತೀರಿ ಅಂತ ಹೆದರಿ ಹಾಗೆ ಮಾಡಿದೆ. ತಪ್ಪಾಯಿತು."

ಅವರು ಕನ್ನಡಿಯನ್ನು ಆ ಕಡೆ ಈ ಕಡೆ ಓರೆ ಮಾಡಿ ನೋಡಿದರು. ಎರಡು ವರ್ಷದಿಂದ ಹೊತ್ತಿದ್ದ ಮಚ್ಚೆಯನ್ನು ಮೊದಲ ಸಲ ಕಾಣುತ್ತಿದ್ದರು. ಕೂಗಾಡುತ್ತಾರೆಂದು ನಾನು ಎಣಿಸಿದ್ದೆ. ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು. ಕನ್ನಡಿಯನ್ನು ಜಗಲಿಯ ಮೇಲಿಟ್ಟು, ಅಂಗಿ ಹಾಕಿಕೊಂಡು, ಗುಂಡಿಗಳನ್ನು ಒಂದೊಂದಾಗಿ ಹಾಕಿ ಮುಗಿಸಿದರು.

"ಇಪ್ಪತ್ ವರ್ಸ ಪಾಠ ಏಳಿವ್ನಿ. ದಡ್ಡ ಹುಡ್ಗನ ಸ್ಲೇಟಿನ ಮ್ಯಾಲೂ ತಪ್ಪು ಲೆಕ್ಕಕ್ಕೆ ಸರಿ ಗುರ್ತು ಆಕಿಲ್ಲ ಕಣಮ್ಮ ನಾನು. ಅವ್ನು ಅಳ್ತಾನೆ ಅಂತ ಗೊತ್ತಿದ್ರೂ ಆಕಿಲ್ಲ. ನೀವು ನನ್ನ ಅದಕ್ಕಿಂತ ಸಣ್ಣೋನು ಮಾಡ್ಬುಟ್ರಲ್ಲ."

ಚುಚ್ಚಿಸಿಕೊಳ್ಳದೆ ಹೊರಟುಹೋದರು.

ಮರು ವಾರ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಶಾಲೆ ತೆರೆಯಿತು. ಜಗಲಿಯಲ್ಲಿ ಕೂತವರೆಲ್ಲ ಖುಷಿಯಾಗಿದ್ದರು. "ನಮ್ ಮೇಷ್ಟ್ರಿಗೆ ವಾಸಿ ಆಗೋಯ್ತಂತೆ ಕಣವ್ವಾ, ಶಾಲೆಗೆ ಓಗ್ತಾವ್ರಂತೆ," ಎಂದು ಅಜ್ಜಿ ಗಾಡಿಯವನಿಗೆ ಹೇಳಿದಂತೆ ನನಗೂ ಹೇಳಿದಳು. ಸುಮ್ಮನಿದ್ದರೆ ಸಾಕಿತ್ತು. ಈ ಸುಳ್ಳಿಗೆ ಗೆರೆ ಕೂಡ ಎಳೆಯಬೇಕಾಗಿರಲಿಲ್ಲ. ಎಣ್ಣೆಯ ಬಾಟಲನ್ನು ಒಲೆಯಿಂದ ಇಳಿಸಿದೆ. ಆಮೇಲೆ, "ಇಲ್ಲ ಅಜ್ಜಿ, ಅವರಿಗೆ ವಾಸಿಯಾಗಿಲ್ಲ. ಹೆಚ್ಚಾಗಿದೆ. ಕಾರ್ಡಿನ ಮೇಲೆ ನಾನೇ ತಪ್ಪು ಬರೆದಿದ್ದೆ," ಎಂದೆ. ಎಲ್ಲರಿಗೂ ಕೇಳಿಸಲೆಂದು ಮತ್ತೊಂದು ಸಲ ಹೇಳಿದೆ. ಮುಂದಿನ ವಾರ ಗಾಡಿಯವನಿಲ್ಲ, ಅವನ ಊರಿನವರಿಲ್ಲ. ಅದರಾಚೆಯ ವಾರ ಇನ್ನೂ ಕೆಲವರಿಲ್ಲ.

ಒಂದು ದಿನ ಕೆಲಸ ಬೇಗ ಮುಗಿದಾಗ ಪೆಟ್ಟಿಗೆ ಹೊತ್ತುಕೊಂಡು ಮೇಷ್ಟ್ರ ಹಳ್ಳಿಗೆ ನಡೆದೆ. ಅವರು ಕೊಟ್ಟಿಗೆಯಿಂದ ಹೊರಗೆ ಬರಲಿಲ್ಲ. ಹೆಂಡತಿ ಹಿತ್ತಲ ಬಾಗಿಲಲ್ಲಿ ನಿಂತು, "ಏನೂ ಏಳ್ಬ್ಯಾಡಿ ನರ್ಸಮ್ಮ. ನೀವ್ ಏಳಿದ್ದೆಲ್ಲ ಕೇಳಿ ಆಯ್ತು," ಎಂದರು. ಅಕ್ಕಾ ಎನ್ನಲಿಲ್ಲ. ಮನೆಯ ಗೋಡೆಗೆ ಹೊಸ ಸುಣ್ಣ ಬೆಳ್ಳಗೆ ಹೊಡೆಯುತ್ತಿತ್ತು. ಕೊಟ್ಟಿಗೆಯ ಕಡೆ ತಿರುಗಿ, "ಮೇಷ್ಟ್ರೇ, ಬುಧವಾರ ಬುಧವಾರ ಬರ್ತಿರ್ತೀನಿ. ನೀವು ಬಂದರೂ ಬರ್ತೀನಿ, ಬರದಿದ್ದರೂ ಬರ್ತೀನಿ," ಎಂದೆ. ನನ್ನ ಹತ್ತಿರ ಉಳಿದಿದ್ದ ನಿಜವಾದ ಮಾತು ಅದೊಂದೇ. ವಾಪಸು ನಡೆದೆ. ಬಸ್ಸು ತಪ್ಪಿತು.

ಬುಧವಾರಗಳು ಹೀಗೆಯೇ ಕಳೆದವು. ಕೊನೆಗೆ ಮೂರು ಜನಕ್ಕೆ ಬಂದು ನಿಂತಿತು. ಮೂರು ಜನಕ್ಕೆ ಎಣ್ಣೆ ಕಾಯಿಸಲು ನಾನು ಹಾಸನದಿಂದ ಬರುತ್ತಿದ್ದೆ. ಡಾಕ್ಟರಮ್ಮನವರು ಒಮ್ಮೆಯೂ ಇದನ್ನು ನಿಲ್ಲಿಸೋಣವೇ ಎಂದು ಕೇಳಲಿಲ್ಲ, ನಾನೂ ಎತ್ತಲಿಲ್ಲ. ಹೋಗು, ಒಲೆ ಹೊತ್ತಿಸು, ಸೂಜಿ ಕುದಿಸು, ಕಾದು ಕೂರು, ತೊಳೆ, ಮಡಿಚು, ಬಾ. ದೇವರಿಗೆ ಹೇಳುವಂಥದ್ದು ನನ್ನ ಬಳಿ ಅಷ್ಟೇ ಇತ್ತು.

ಒಂದು ಬುಧವಾರ ಅಜ್ಜಿ ಚುಚ್ಚಿಸಿಕೊಳ್ಳಲು ಕೂತವಳು ಎದ್ದು ನಿಂತಳು. "ಬುಟ್ಬುಡವ್ವಾ ನನ್ನ. ಓದಿದ್ ಮೇಷ್ಟ್ರಿಗೇ ಆಗ್ನಿಲ್ಲ, ನಂಗಾಯ್ತದಾ? ಇಷ್ಟು ದೂರದಿಂದ ಕಾಲೆಳ್ಕಂಡ್ ಬಂದು ಉರೀಲಿ ಸಾಯೋದ್ಯಾಕೆ? ಓಗ್ತೀನಿ." ಉಳಿದಿಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಹೋದರೆ ಅವರೂ ಹೋಗುತ್ತಾರೆ. ಸಿರಿಂಜು ಕೈಯಲ್ಲಿ ತಣ್ಣಗಾಗುತ್ತಿತ್ತು.

ರಸ್ತೆಯಲ್ಲಿ ಮೇಷ್ಟ್ರು ಬರುತ್ತಿದ್ದರು. ಸೊರಗಿದ್ದರು, ಗಡ್ಡ ಬಂದಿತ್ತು. ಅಂಗಿ ಮಾತ್ರ ಒಗೆದದ್ದು. ಜಗಲಿ ಹತ್ತಿದರು. ನನ್ನ ಕಡೆ ನೋಡಲಿಲ್ಲ.

"ಮೇಷ್ಟ್ರೇ, ನಿಮ್ಗೆ ಜಾಸ್ತಿ ಆಗೈತಂತಲ್ಲ, ದಿಟವಾ?" ಅಜ್ಜಿ ಕೇಳಿದಳು.

ನಮ್ಮಲ್ಲಿ ಅಂಗಿ ಬಿಚ್ಚುವುದೆಲ್ಲ ಕಟ್ಟಿದ ಬಟ್ಟೆಯ ಮರೆಯಲ್ಲಿ. ಅವರು ಮರೆಗೆ ಹೋಗಲಿಲ್ಲ. ಅಲ್ಲೇ ನಿಂತು ಅಂಗಿ ಬಿಚ್ಚಿ, ಮಡಿಚಿ ಪಕ್ಕಕ್ಕಿಟ್ಟು, ಮೂವರಿಗೂ ಬೆನ್ನು ಮಾಡಿ ಕೂತರು.

"ಅಯ್ಯೋ ನಮ್ಮಪ್ಪಾ," ಎಂದಳು ಅಜ್ಜಿ. "ಎಷ್ಟಗ್ಲ ಆಗೋಗೈತೆ."

"ಊಂ ಕಣವ್ವಾ," ಎಂದರು ಮೇಷ್ಟ್ರು. "ಅದ್ಕೇ ಬಂದಿವ್ನಿ."

ಎಣ್ಣೆಯ ಬಾಟಲನ್ನು ಮತ್ತೆ ಬಿಸಿನೀರಿಗಿಟ್ಟೆ. ಅಜ್ಜಿ ಸ್ವಲ್ಪ ಹೊತ್ತು ಆ ಬೆನ್ನನ್ನೇ ನೋಡುತ್ತ ನಿಂತಿದ್ದವಳು, ಸೀರೆಯ ಸೆರಗು ಸರಿಮಾಡಿಕೊಂಡು, ಅವರ ಹಿಂದೆ ಸಾಲಿನಲ್ಲಿ ಕುಳಿತಳು.